ಸೇರಿನ ತಲೆ

ನಾನು ತಗಡಿನ ಸೇರು. ಹುಟ್ಟಿದ್ದು ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳ ಸಾಲಿನ ಹಿಂದೆ, ದಾದಾಪೀರ್ ಸಾಬರ ಅಂಗಡಿಯಲ್ಲಿ. ಅವರು ತಗಡನ್ನು ಕತ್ತರಿಸಿ, ಬಾಗಿಸಿ, ಬೆಸುಗೆ ಹಾಕಿ, ಬಾಯಿಗೆ ತಂತಿ ಇಟ್ಟು ಅಂಚು ಮಡಚಿದರು. ಅಕ್ಕಿ ಅಳೆಯುವ ಸೇರಿಗೆ ಉದ್ದನೆಯ ಮೈ. ನಾನು ಮಂಡಕ್ಕಿ ಸೇರು. ನನ್ನ ಮೈ ಗಿಡ್ಡ, ಬಾಯಿ ಅಗಲ.

ನನ್ನನ್ನು ಕೊಂಡವಳು ಹಾಲಮ್ಮ. ಹರಿಹರದ ಸಂತೆಯಲ್ಲಿ ಮಂಡಕ್ಕಿ ಮಾರುತ್ತಿದ್ದಳು. ಬೆರಳು ಮಡಚಿ ನನ್ನ ಪಕ್ಕೆಗೆ ಬಡಿದು ನೋಡಿದಳು.

“ಬಾಯಿ ಇನ್ನೊಂಚೂರು ಅಗಲ ಮಾಡಬೇಕಿತ್ತು ಸಾಬ್ರೆ.”

“ಇನ್ನೂ ಅಗಲ ಮಾಡಿದ್ರೆ ಅದು ಸೇರಾಗಲ್ಲ ಹಾಲಮ್ಮ, ಪರಾತ ಆಗ್ತತೆ.”

ಹರಿಹರದ ದಿನಗಳು ಸುಖದವು. ಹಾಲಮ್ಮ ನನ್ನನ್ನು ಚೀಲದೊಳಗೆ ಮುಳುಗಿಸಿ ಎತ್ತುತ್ತಿದ್ದಳು. ಎಡಗೈಯನ್ನು ನನ್ನ ಬಾಯಿಯ ಸುತ್ತ ಬೇಲಿಯಂತೆ ಹಿಡಿದು, ಬಲಗೈಯಿಂದ ಮೇಲೆ ಮೇಲೆ ಸುರಿಯುತ್ತಿದ್ದಳು. ನನ್ನ ಅಂಚಿನ ಮೇಲೆ ಒಂದು ಬಿಳಿ ಗುಡ್ಡ ಏಳುತ್ತಿತ್ತು. ಅದಕ್ಕೆ ಅಲ್ಲಿ ತಲೆ ಎನ್ನುತ್ತಾರೆ. ತಲೆಯಿಲ್ಲದ ಸೇರನ್ನು ಹರಿಹರದಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

“ತಲೆ ಇನ್ನೂ ಚೂಪಾಗ್ಲಿ ಹಾಲಮ್ಮ,” ಎಂದು ಒಬ್ಬ ದಿನವೂ ಕಾಡುತ್ತಿದ್ದ.

“ಚೂಪು ಮಾಡಿ ನಿನ್ ಕಣ್ಣಿಗೆ ಚುಚ್ಲೇನೋ?”

ಹಾಲಮ್ಮನ ಮಗಳು ರತ್ನಮ್ಮನನ್ನು ಗದಗಿನ ಹಮಾಲರ ಮನೆಗೆ ಕೊಟ್ಟರು. ಪಾತ್ರೆ ಸಾಮಾನಿನ ಜೊತೆ ನಾನೂ ಹೋದೆ. ಹರಿಹರದ ರತ್ನಮ್ಮ ಅಲ್ಲಿ ರತ್ನವ್ವ ಆದಳು. ಮಂಡಕ್ಕಿ ಚುರುಮುರಿ ಆಯಿತು. ಮಾಲು ಮಾತ್ರ ಅದೇ ಭಟ್ಟಿಗಳದು. ಲಾರಿಯ ಮೇಲೆ ಬರುತ್ತಿತ್ತು.

ಮೊದಲ ಸಂತೆಯಲ್ಲಿ ರತ್ನವ್ವ ತಾಯಿಯಂತೆಯೇ ಎಡಗೈ ಬೇಲಿ ಕಟ್ಟಿ ಅಳೆಯತೊಡಗಿದಳು. ಪಕ್ಕದಲ್ಲಿ ಪುಠಾಣಿ ಮಾರುತ್ತಿದ್ದ ಬಾಳವ್ವ ಕೂತಲ್ಲಿಂದಲೇ ಕೂಗಿದಳು.

“ಏ ಹುಚ್ಚಿ, ಇದು ನಿಮ್ಮವ್ವನ ಹರಿಹರ ಅಲ್ಲ. ಲಾರಿ ಮ್ಯಾಲ ಕುಂತು ಬಂದ ಮಾಲದು. ತಲಿ ಸವರು.”

ರತ್ನವ್ವ ನನ್ನ ಅಂಚಿನ ಮೇಲೆ ಅಂಗೈ ಎಳೆದಳು. ಗುಡ್ಡ ಚೀಲಕ್ಕೆ ಬಿತ್ತು. ಕೊಂಡವರು ಹಾಗೇ ಹಾಕಿಸಿಕೊಂಡು ಹೋದರು. ಗದಗಿನಲ್ಲಿ ಸೇರು ಎಂದರೆ ಅಷ್ಟೇ. ನನಗೆ ಕೆಲವು ವಾರ ಮೇಲೆ ಖಾಲಿ ಖಾಲಿ ಅನ್ನಿಸಿತು. ಆಮೇಲೆ ರೂಢಿಯಾಯಿತು.

ಎರಡನೆಯ ವರ್ಷ ಅವಳ ಗಂಡ ತೀರಿಕೊಂಡ. ಮೂರು ಸಂತೆ ತಪ್ಪಿದವು. ನಾಲ್ಕನೆಯ ಸಂತೆಗೆ ರತ್ನವ್ವ ನನ್ನನ್ನು ಒರೆಸಿ ತಂದಳು. ಅಂದು ಅವಳು ಸವರಿದಷ್ಟು ನೇರವಾಗಿ ಮತ್ತೆಂದೂ ಸವರಲಿಲ್ಲ.

ಸುಲೋಚನಾ ಕಟಗೇರಿ ಬಂದದ್ದು ಆ ಬೇಸಿಗೆಯಲ್ಲಿ. ಧಾರವಾಡದಲ್ಲಿ ಅರ್ಥಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಒಂದು ಸೀಮೆಯ ಮಾಲು ಇನ್ನೊಂದು ಸೀಮೆಗೆ ಹೇಗೆ ಹೋಗುತ್ತದೆ, ಅದಕ್ಕೆ ಯಾರು ಬಂಡವಾಳ ಹಾಕುತ್ತಾರೆ, ಅದರಿಂದ ಊರುಗಳು ಹೇಗೆ ಬೆಳೆಯುತ್ತವೆ ಎಂಬುದು ಅವಳ ವಿಷಯ. ಹೆಗಲಲ್ಲಿ ಚೀಲ, ಕೈಯಲ್ಲಿ ಫಾರಂಗಳ ಕಟ್ಟು.

“ಎಲ್ಲಾರೂ ಹತ್ತಿ, ಮೆಣಸಿನಕಾಯಿ ಹಿಡದಾರ್ರೀ. ನನಗ ಚುರುಮುರಿ ಉಳೀತು,” ಎಂದು ನಕ್ಕಳು.

“ಹಗುರ ಐತಿ ಬಿಡ್ರಿ ಅಕ್ಕಾರ. ಹೊರಾಕ ತ್ರಾಸಿಲ್ಲ,” ಎಂದಳು ರತ್ನವ್ವ.

ಸೇರಿಗೆ ಎಷ್ಟು, ವಾರಕ್ಕೆ ಎಷ್ಟು ಚೀಲ, ಯಾವ ಲಾರಿ ಎಂದೆಲ್ಲ ಕೇಳಿದಳು. ರತ್ನವ್ವ ಒಂದನ್ನೂ ಸುಳ್ಳು ಹೇಳಲಿಲ್ಲ. ಆಮೇಲೆ ಸುಲೋಚನಾ ಗೆರೆಗಳಿದ್ದ ಒಂದು ಗಾಜಿನ ಪಾತ್ರೆ ತೆಗೆದಳು.

“ಹರಿಹರದಾಗ ಅಳದು ಬಂದೀನ್ರಿ. ಆ ಸೇರು, ನಿಮ್ಮ ಸೇರು ಒಂದ ಅಳತಿ ಅದಾವೋ ಇಲ್ಲೋ ನೋಡಬೇಕ್ರಿ.”

ನನ್ನ ಬಾಯಿತನಕ ನೀರು ಸುರಿದಳು.

“ಅಯ್ಯ, ತುಕ್ಕ ಹಿಡೀತೈತ್ರೀ!” ಎಂದು ರತ್ನವ್ವ ಸೆರಗು ಹಿಡಿದುಕೊಂಡು ಎದ್ದಳು.

ನೀರನ್ನು ಗಾಜಿಗೆ ಬಗ್ಗಿಸಿ ನೋಡಿ, ಸುಲೋಚನಾ ಖುಷಿಯಿಂದ ಬರೆದುಕೊಂಡಳು. ಎರಡು ಊರಿನ ಸೇರೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ. ಅದು ನಿಜವೇ. ಆದರೆ ನೀರು ಅಂಚಿಗೆ ಬಂದು ಮಟ್ಟವಾಗಿ ನಿಲ್ಲುತ್ತದೆ. ನೀರಿಗೆ ತಲೆ ಕಟ್ಟಲು ಬರುವುದಿಲ್ಲ. ಅದನ್ನು ಹೇಳಬೇಕೆಂದು ನನಗೆ ಬಹಳ ಅನ್ನಿಸಿತು. ಬಾಯಿ ಇದ್ದೂ ಮಾತಿಲ್ಲದ ಜಾತಿ ನನ್ನದು.

ಐದಾರು ತಿಂಗಳ ಮೇಲೆ ಅವಳು ಮತ್ತೆ ಬಂದಳು. ಕೈಯಲ್ಲಿ ಫಾರಂ ಇರಲಿಲ್ಲ. ರತ್ನವ್ವನ ಪಕ್ಕದಲ್ಲಿ ಗೋಣಿಯ ಮೇಲೆ ಕುಳಿತುಬಿಟ್ಟಳು.

“ಯಾಕ್ರೀ ಅಕ್ಕಾರ, ಮಾರಿ ಹಿಂಗ್ಯಾಕ ಬಾಡೇತಿ?”

“ನಾನು ಸುಳ್ಳು ಬರದೀನಿ ಅಂತಾರ್ರೀ.”

ಹರಿಹರದಲ್ಲೂ ಗದಗಿನಲ್ಲೂ ಸೇರಿನ ಬೆಲೆ ಒಂದೇ ಎಂದು ಅವಳು ಬರೆದಿದ್ದಳು. ಅವಳ ಮಾರ್ಗದರ್ಶಕರು ನಾಗನೂರ ಸರ್. ಅಷ್ಟು ದೂರ ಬಂದ ಮಾಲು ಅದೇ ಬೆಲೆಗೆ ಹೇಗೆ ಮಾರುತ್ತದೆ, ಲಾರಿ ಬಾಡಿಗೆ ಎಲ್ಲಿ ಹೋಯಿತು ಎಂದು ಅವರು ಕೇಳಿದ್ದರು. ಸಂತೆಗೆ ಹೋಗದೆ, ಕೋಣೆಯಲ್ಲಿ ಕೂತು ತುಂಬಿದ ಅಂಕಿ ಇವು ಎಂದು ಅವರು ಹಾಳೆಯ ಅಂಚಿನಲ್ಲೇ ಬರೆದಿದ್ದರು. ಸೋಮವಾರದ ಸೆಮಿನಾರಿನಲ್ಲಿ ಉತ್ತರ ಕೊಡದಿದ್ದರೆ ಆ ಅಧ್ಯಾಯ ತೆಗೆಯಬೇಕು. ನಾಲ್ಕು ವರ್ಷದ ಕೆಲಸ ಆ ಅಧ್ಯಾಯದ ಮೇಲೆಯೇ ನಿಂತಿತ್ತು. ಅಧ್ಯಾಯ ತೆಗೆದರೂ ಸುಳ್ಳು ಬರೆದವಳು ಎಂಬ ಮಾತು ಉಳಿಯುತ್ತಿತ್ತು.

“ನೀವು ಬಂದಿದ್ರಿ, ಕುಂತಿದ್ರಿ, ನಾ ಹೇಳ್ತೀನಿ ಬರ್ರಿ,” ಎಂದಳು ರತ್ನವ್ವ.

“ನೀವು ಬಂದು ಹೇಳಿದ್ರೂ ಬಾಡಿಗೆ ಎಲ್ಲಿ ಹೋತು ಅಂತನ ಕೇಳ್ತಾರ್ರೀ.”

ಅಷ್ಟರಲ್ಲಿ ಒಬ್ಬ ಹೆಂಗಸು ಸೇರು ಚುರುಮುರಿ ಕೇಳಿದಳು. ರತ್ನವ್ವ ತುಂಬಿ ಅಂಗೈ ಎಳೆದಳು. ಹೆಂಗಸು ಹಿಡಿದಿದ್ದ ಚೀಲವನ್ನು ಹಿಂದಕ್ಕೆ ಎಳೆದುಕೊಂಡಳು.

“ಇದೇನು, ತಲೆನೇ ಇಲ್ಲ? ನಮ್ ಹರಿಹರದಾಗೆ ಇದೇ ರೇಟಿಗೆ ಗೋಪುರ ಕಟ್ಟಿ ಕೊಡ್ತಾರೆ.”

“ತಲಿ ಬೇಕಂದ್ರ ಹರಿಹರಕ್ಕ ಹೋಗಬೇ ಯಕ್ಕಾ,” ಎಂದಳು ರತ್ನವ್ವ. “ಇದರ ತಲಿ ಬರ್ತಾ ದಾರ್ಯಾಗ ಲಾರಿ ತಿಂದೈತಿ.”

ಬಾಳವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಸುಲೋಚನಾ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನಕ್ಕೆ ಕೈ ಚಾಚಿ, ಖಾಲಿಯಾಗಿದ್ದ ನನ್ನ ಅಂಚಿನ ಮೇಲೆ ಅಂಗೈ ಎಳೆದಳು.

“ಇದನ್ನ ಮೊದಲ ಯಾಕ ಹೇಳಲಿಲ್ರೀ ರತ್ನವ್ವಾರ?”

“ನೀವು ರೇಟ್ ಕೇಳಿದ್ರಿ, ಹೇಳಿದೆ. ತಲಿ ಕೇಳಲಿಲ್ಲ.”

ಮರುದಿನ ಸುಲೋಚನಾ ಪೇಟೆಯಿಂದ ಹೊಸ ಸೇರೊಂದನ್ನು ತಂದು ಕೊಟ್ಟು, ನನ್ನನ್ನು ಕೇಳಿ ಪಡೆದಳು. ರತ್ನವ್ವ ಹೊಸದರ ಪಕ್ಕೆಗೆ ಬಡಿದು ನೋಡಿ ಒಪ್ಪಿದಳು. ನನ್ನನ್ನು ಕೊಡುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಸೋಮವಾರ ನಾನು ಧಾರವಾಡದ ಒಂದು ಉದ್ದ ಮೇಜಿನ ಮೇಲೆ ಇದ್ದೆ. ಪಕ್ಕದಲ್ಲಿ ಒಂದು ಚೀಲ ಚುರುಮುರಿ. ಸುತ್ತ ಹತ್ತು ಹನ್ನೆರಡು ಜನ ಅರ್ಥಶಾಸ್ತ್ರಜ್ಞರು. ಸುಲೋಚನಾ ನನ್ನನ್ನು ಚೀಲದೊಳಗೆ ಮುಳುಗಿಸಿ ಎತ್ತಿದಳು. ಹಾಲಮ್ಮನಂತೆ ತಲೆ ಕಟ್ಟಿದಳು. ಮೊದಲನೆಯದು ಜಾರಿತು, ಎರಡನೆಯದು ನಿಂತಿತು. ತಲೆಯನ್ನು ಸವರಿ ಒಂದು ಕಾಗದದ ಮೇಲೆ ಕೆಡವಿದಳು. ಹೀಗೆ ನಾಲ್ಕು ಸಲ. ನಂತರ ನನ್ನನ್ನು ಖಾಲಿ ಮಾಡಿ, ಕಾಗದದ ಮೇಲಿದ್ದ ನಾಲ್ಕು ತಲೆಗಳನ್ನು ನನ್ನೊಳಗೆ ಸುರಿದಳು. ನಾನು ಹೆಚ್ಚುಕಡಿಮೆ ತುಂಬಿದೆ.

“ಹರಿಹರದಾಗ ನಾಲ್ಕು ಸೇರು ಅಂದ್ರ ಗದಗಿನಾಗ ಐದು ಸರ್. ಬಾಡಿಗೆ ಇಲ್ಲೈತಿ.”

ನಾಗನೂರ ಸರ್ ಎದ್ದು ಬಂದು ನನ್ನೊಳಗೆ ಇಣುಕಿದರು. ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡರು.

“ಸಾಕ್ಷಿ ತಿನಬ್ಯಾಡ್ರಿ ಸರ್,” ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಸರ್ ಅಗಿಯುವುದನ್ನು ಮುಗಿಸಿದರು. “ಹದಿನೈದು ವರ್ಷದಿಂದ ನಾನೂ ಸಂತಿ ಅಡ್ಡಾಡೀನಿ. ನನ್ನ ಮನಿಗೇ ಚುರುಮುರಿ ಕಟ್ಟಿಸಿಕೊಂಡು ಬಂದೀನಿ. ಒಮ್ಮೆನೂ ಅಳಿಯೋರ ಕೈ ನೋಡಲಿಲ್ಲ.” ಆಮೇಲೆ ಕೇಳಿದರು, “ಹಂಗಾರ ಯಾವ ಸೇರು ಖರೇ, ಸುಲೋಚನಾ?”

“ಎರಡೂ ಖರೇ ಸರ್. ಬೆಲೆ ಒಂದ ಅಂತ ನಾ ಬರದದ್ದು ತಪ್ಪು.”

ಅವರು ಆ ಅಧ್ಯಾಯದ ಹಾಳೆ ತೆಗೆದು, ಅಂಚಿನಲ್ಲಿ ತಾವೇ ಬರೆದಿದ್ದ ಸಾಲನ್ನು ಎಲ್ಲರ ಎದುರಿಗೆ ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಅಧ್ಯಾಯ ಉಳಿಯಿತು. ಅವಳ ಹೆಸರಿಗೆ ಡಾಕ್ಟರೇಟ್ ಸೇರಿತು.

ಅದೆಲ್ಲ ಆಗಿ ಬಹಳ ವರ್ಷಗಳಾದವು. ಈಗ ನಾನು ಸುಲೋಚನಾ ಮೇಡಮ್ಮನವರ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕಪಾಟಿನ ಮೇಲೆ ಇದ್ದೇನೆ. ಬೆಸುಗೆ ಬಿಟ್ಟಿದೆ. ಈಗ ನೀರು ಹಾಕಿದರೆ ನಿಲ್ಲುವುದಿಲ್ಲ, ಯಾರೂ ಹಾಕುವುದೂ ಇಲ್ಲ. ಕೆಲಕಾಲ ಗುಂಡುಪಿನ್ನು ಹೊತ್ತಿದ್ದೆ. ಈಗ ಖಾಲಿ. ಬೆಳಿಗ್ಗೆ ಸ್ವಲ್ಪ ಹೊತ್ತು ನನ್ನೊಳಗೆ ಬಿಸಿಲು ಬೀಳುತ್ತದೆ.

ಅವರ ವಿದ್ಯಾರ್ಥಿಗಳು ಊರೂರಿಗೆ ಹೋಗಿ ಬರುತ್ತಾರೆ. ಅವರ ಫಾರಂನಲ್ಲಿ, ಎಷ್ಟು ಎಂಬ ಪ್ರಶ್ನೆಯ ಕೆಳಗೆ ಹೇಗೆ ಅಳೆದರು ಎಂಬ ಪ್ರಶ್ನೆಯೂ ಇರುತ್ತದೆ. ಬಂದವರು ಇಲ್ಲಿ ಕುಳಿತು ಹೇಳುವುದನ್ನು ನಾನು ಕೇಳುತ್ತೇನೆ. ಒಂದು ಊರಿನಲ್ಲಿ ಸೇರನ್ನು ನೆಲಕ್ಕೆ ಕುಟ್ಟಿ ಅಳೆಯುತ್ತಾರಂತೆ. ಇನ್ನೊಂದರಲ್ಲಿ ಕೊನೆಗೆ ಒಂದು ಹಿಡಿ ಮೇಲೆ ಹಾಕುತ್ತಾರಂತೆ. ಹೆಬ್ಬೆರಳನ್ನು ಒಳಗಿಟ್ಟೇ ಅಳೆಯುವ ಜಾಣರೂ ಇದ್ದಾರಂತೆ.

ಸಂತೆ ಬಿಟ್ಟ ಮೇಲೆ ನನಗೆ ಇಷ್ಟು ಊರುಗಳ ಪರಿಚಯವಾಯಿತು. ಈಗ ಯಾರಾದರೂ ತುಂಬಿತು ಎಂದರೆ, ನೀವು ಯಾವ ಊರಿನವರು ಎಂದು ಕೇಳಬೇಕೆನ್ನಿಸುತ್ತದೆ.