ಎರಡು ಬೆರಳಿನ ಅಂತರ

"ತಡಿ, ತಡಿ. ಆಕ್ಸಲರೇಟರ್ ಮುಟ್ಟಬೇಡ. ಹಾಗೇ ಓಡ್ತಿರಲಿ," ಎಂದಳು ಮಾರ್ಲಿಸ್, ಡಾಟ್ಸನ್ ಕಾರಿನ ಎಂಜಿನ್ ಮೇಲೆ ಬಗ್ಗಿ. ಅವಳ ಕೈಯಲ್ಲಿ ಮೊಳದುದ್ದದ ರಬ್ಬರ್ ಕೊಳವೆ. ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಮುಂದಿನ ಕಾರ್ಬ್ಯುರೇಟರಿನ ಬಾಯಿಯ ಹತ್ತಿರ. ಅದು ಗಾಳಿ ಎಳೆಯುವ ಸದ್ದನ್ನು ಒಂದಿಷ್ಟು ಹೊತ್ತು ಕೇಳಿ, ಕೊಳವೆಯನ್ನು ಹಿಂದಿನ ಕಾರ್ಬ್ಯುರೇಟರಿಗೆ ಒಯ್ದಳು. ಎರಡೂ ಒಂದೇ ಸಮ ಸುಸ್ಸೆನ್ನಬೇಕು. ಹಿಂದಿನದು ಬಾಯಾರಿದ ದನದ ಹಾಗೆ ಎಳೆಯುತ್ತಿತ್ತು.

"ಇದನ್ನ ಯಾವಾಗ ಸರಿ ಮಾಡಿದ್ದು?"

ಸ್ಟಿಯರಿಂಗ್ ಹಿಂದೆ ಕೂತಿದ್ದ ವೆಂಡೆಲ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಹಾಂ?"

"ಯಾವಾಗ ಸರಿ ಮಾಡ್ದೆ ಅಂತ!"

"ಮಂಗಳವಾರ. ಚೆನ್ನಾಗೇ ಇತ್ತಲ್ಲ?"

ಮಾರ್ಲಿಸ್ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಅಕ್ಟೋಬರ್ ತಿಂಗಳ ಗಾಳಿ ಹಚಿನ್ಸನ್ ಜಾತ್ರೆ ಮೈದಾನದ ಪಾರ್ಕಿಂಗ್ ಜಾಗದ ಮೇಲೆ ಅಡ್ಡಡ್ಡ ಬೀಸುತ್ತಿತ್ತು. ಆಚೆ ಕಡೆ ಜನ ಕೈಯಲ್ಲಿ ಕಾಫಿ ಹಿಡಿದು, ದಾರಿಯ ಗುರುತಿಗಿಟ್ಟ ರಬ್ಬರ್ ಕೋನ್‌ಗಳ ನಡುವೆ ನಡೆಯುತ್ತ, ಎಲ್ಲಿ ಬ್ರೇಕು, ಎಲ್ಲಿ ತಿರುವು ಎಂದು ದಾರಿ ಬಾಯಿಪಾಠ ಮಾಡುತ್ತಿದ್ದರು. ಇವರಿಬ್ಬರು ಅದನ್ನು ಆಗಲೇ ಮೂರು ಸಲ ನಡೆದು ಮುಗಿಸಿದ್ದರು, ಬೇರೆ ಬೇರೆಯಾಗಿ.

ಗಂಡ ಹೆಂಡತಿಯಾಗಿದ್ದವರು ಅವರು. ಬೇರೆಯಾಗಿ ಒಂಬತ್ತು ವರ್ಷ. ಸೋಫಾ ಅವನಿಗೆ ಹೋಯಿತು, ಪಿಯಾನೊ ಇವಳಿಗೆ ಬಂತು, ಮನೆ ಮೂರನೆಯವರ ಪಾಲಾಯಿತು. ಕಾರಿನ ಮಾತು ಬಂದಾಗ ಇಬ್ಬರ ವಕೀಲರೂ ಸುಸ್ತಾಗಿ ಊಟಕ್ಕೆ ಎದ್ದು ಹೋದರು. ಅದು ಎಪ್ಪತ್ತೊಂದರ ಡಾಟ್ಸನ್. ಕೊಟ್ಟಿಗೆಯೊಂದರಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕಾರನ್ನು ಎಳೆದು ತಂದು, ದೊಡ್ಡ ಎಂಜಿನ್ ಕೂರಿಸಿ, ಸ್ಪ್ರಿಂಗು ಗಿಡ್ಡ ಮಾಡಿ, ಜೋಡಿ ಕಾರ್ಬ್ಯುರೇಟರ್ ಹಾಕಿ, ಇಬ್ಬರೂ ಸೇರಿ ಆರು ಚಳಿಗಾಲ ಕಳೆದು ಕಟ್ಟಿದ್ದರು. ಯಾರ ಕೈ ಎಲ್ಲಿಯದು ಎಂದು ಬೇರ್ಪಡಿಸುವುದಾದರೂ ಹೇಗೆ? ಕೊನೆಗೆ ಒಂದು ತಿಂಗಳು ಅವನ ಶೆಡ್ಡು, ಒಂದು ತಿಂಗಳು ಇವಳ ಶೆಡ್ಡು ಎಂದಾಯಿತು. ಕೋನ್ ಇಟ್ಟ ದಾರಿಯಲ್ಲಿ ಒಬ್ಬೊಬ್ಬರಾಗಿ ಕಾರು ಓಡಿಸಿ ಸಮಯ ಅಳೆಯುವ ಆಟೋಕ್ರಾಸ್ ಇದ್ದ ದಿನ ಇಬ್ಬರೂ ಓಡಿಸುವುದು.

ಈಗ ಅದೂ ಸಾಗುವಂತಿರಲಿಲ್ಲ. ಗುರುವಾರ ವೆಂಡೆಲ್ ಆರೆಗನ್‌ನಲ್ಲಿರುವ ಅಣ್ಣನ ಪೇರ್ ಹಣ್ಣಿನ ತೋಟಕ್ಕೆ ಕಾಯಂ ಹೊರಡುವವನಿದ್ದ. ಸಾವಿರದ ಆರುನೂರು ಮೈಲಿ ದೂರ ತಿಂಗಳಿಗೊಮ್ಮೆ ಕಾರು ಕೈಬದಲಾಯಿಸಲು ಆಗುತ್ತದೆಯೇ? ದುಡ್ಡು ಕೊಟ್ಟು ಕೊಳ್ಳುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಈ ವರ್ಷದ ಕೊನೆಯ ಆಟ ಇವತ್ತು. ಯಾರ ಸಮಯ ಕಡಿಮೆಯೋ ಅವರಿಗೆ ಕಾರು, ಎಂದೆಂದಿಗೂ.

"ಬಾ, ನೀನೂ ಕೇಳು," ಎಂದಳು ಮಾರ್ಲಿಸ್. ಇದು ಹಳೆಯ ಪದ್ಧತಿ. ಓಟಕ್ಕೆ ಮುಂಚೆ ಇಬ್ಬರ ಕಿವಿಯೂ ಒಪ್ಪಬೇಕು. ಮಾತುಬಿಟ್ಟ ದಿನಗಳಲ್ಲೂ ಈ ಒಂದು ಪದ್ಧತಿ ಬಿಟ್ಟಿರಲಿಲ್ಲ.

ವೆಂಡೆಲ್ ಇಳಿದು ಬಂದು ಕೊಳವೆಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಅಷ್ಟರಲ್ಲಿ ಗಾಳಿಗೆ ಮಾರ್ಲಿಸ್‌ಳ ಟೋಪಿ ಹಾರಿತು. ಅದನ್ನು ಹಿಡಿಯಲು ಅವಳು ಅತ್ತ ತಿರುಗಿದಳು.

"ಹೂಂ," ಎಂದ ವೆಂಡೆಲ್ ತಲೆಯಾಡಿಸುತ್ತ. "ಈಗ ಎರಡೂ ಒಂದೇ ಸಮ. ಒಳ್ಳೆ ಕೈ ಕಣೇ ನಿಂದು."

ಮಾರ್ಲಿಸ್ ತನ್ನ ಎಡಗೈ ನೋಡಿಕೊಂಡಳು. ಕೊಳವೆಯ ಇನ್ನೊಂದು ತುದಿ ಅವಳ ಮುಷ್ಟಿಯಲ್ಲೇ ಇತ್ತು. ಕಾರ್ಬ್ಯುರೇಟರಿನ ಹತ್ತಿರಕ್ಕೂ ಅದು ಹೋಗಿರಲಿಲ್ಲ.

"ಸರಿ," ಎಂದು ಅವಳು ಕೊಳವೆಯನ್ನು ಸುತ್ತಿ ಜೇಬಿಗೆ ಹಾಕಿಕೊಂಡಳು.

ಆಟ ನಡೆಸುವ ಕ್ಲಬ್ಬಿನಲ್ಲಿ ಕೂಲಿಯವರಿಲ್ಲ. ಅರ್ಧ ಜನ ಓಡಿಸುವಾಗ ಇನ್ನರ್ಧ ಜನ ಬಿಸಿಲಲ್ಲಿ ನಿಂತು ಬಿದ್ದ ಕೋನ್ ಎತ್ತಬೇಕು. ಕಾರು ಒಂದೇ ಆದ್ದರಿಂದ ಇವರಿಬ್ಬರನ್ನು ಬೇರೆ ಬೇರೆ ಪಾಳಿಗೆ ಹಾಕಿದ್ದರು. ಮೊದಲ ಪಾಳಿ ಮಾರ್ಲಿಸ್‌ಳದು. ನಾಲ್ಕು ಸುತ್ತಿನಲ್ಲಿ ಅವಳ ಒಳ್ಳೆಯ ಸಮಯ ನಲವತ್ತೆಂಟು ಸೆಕೆಂಡು ಮೂವತ್ತೊಂದು. ಕೆಟ್ಟದ್ದಲ್ಲ. ಇಳಿದು ಬಂದಾಗ ವೆಂಡೆಲ್, ತಿರುವಿನಲ್ಲಿ ಟೈರು ಎಷ್ಟು ಮಡಿಯುತ್ತದೆ ಎಂದು ತಿಳಿಯಲು ಅದರ ಅಂಚಿಗೆ ಬಳಿದ ಬಿಳಿ ಪಾಲಿಶ್ ಎಷ್ಟು ಸವೆದಿದೆ ಎಂದು ಬಗ್ಗಿ ನೋಡಿ, ಮುಂದಿನ ಎರಡಕ್ಕೂ ಚೂರು ಗಾಳಿ ತುಂಬಿಸಿದ.

"ಸ್ಲಾಲಮ್‌ನ ಅಂಕುಡೊಂಕಲ್ಲಿ ಹೆದರ್ಕೊಂಡೆ ನೀನು," ಎಂದ.

"ನಿನ್ನ ಸರದಿ ಬರಲಿ, ನೋಡೋಣ ಯಾರು ಹೆದರ್ತಾರೆ ಅಂತ."

ಎರಡನೇ ಪಾಳಿಯಲ್ಲಿ ಅವಳಿಗೆ ಮೂರನೇ ತಿರುವಿನ ಕಾವಲು ಬಂತು. ಕೈಯಲ್ಲಿ ಕೆಂಪು ಬಾವುಟ, ಹೆಗಲಲ್ಲಿ ರೇಡಿಯೊ. ಜೊತೆಗೆ ಹಲ್ಲಿನ ಡಾಕ್ಟರ್ ಆರ್ಲೊ. ಅವನ ಹೊಟ್ಟೆ ಅವನಿಗಿಂತ ಎರಡು ಹೆಜ್ಜೆ ಮುಂದೆ ಓಡುತ್ತಿತ್ತು.

"ಏನೇ ಮಾರ್ಲಿಸ್, ಇವತ್ತೂ ಅವನ ಕೋನ್ ಹಿಡೀತೀಯೋ ಹೇಗೆ?" ಎಂದು ಆರ್ಲೊ ನಕ್ಕ.

ಹನ್ನೊಂದು ವರ್ಷದ ಹಿಂದಿನ ಮಾತು ಅದು. ವಲಯದ ಫೈನಲ್ಲಿನಲ್ಲಿ ವೆಂಡೆಲ್‌ಗೆ ಬರಬೇಕಿದ್ದ ಕಪ್ಪು ಕಾರು ತಗುಲಿದ ಒಂದು ಕೋನಿನಿಂದ ತಪ್ಪಿತ್ತು. ಅದನ್ನು ರೇಡಿಯೊದಲ್ಲಿ ಹೇಳಿದವಳು ಹೆಂಡತಿಯೇ. ಅವರು ಬೇರೆಯಾಗಿದ್ದು ಅದಕ್ಕೇ ಎಂದು ಕ್ಲಬ್ಬಿನಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ. ಕಾರಣ ಅದಲ್ಲ. ಆದರೆ ನಿಜವಾದ ಕಾರಣಗಳನ್ನು ಹೇಳುತ್ತ ಕೂತರೆ ಯಾರೂ ನಗುವುದಿಲ್ಲ.

ವೆಂಡೆಲ್‌ನ ಮೊದಲ ಸುತ್ತು ನಲವತ್ತೊಂಬತ್ತು ದಾಟಿತು. ಮಾರ್ಲಿಸ್ ನಿಂತಲ್ಲಿಂದಲೇ ಕೇಳಿಸಿಕೊಂಡಳು: ಎಂಜಿನ್ ಕಿರುಚಿ ಕಿರುಚಿ ಸಾಕಾದ ಮೇಲೆ ಗೇರ್ ಬದಲಾಗುತ್ತಿತ್ತು, ಒಂದು ಉಸಿರು ತಡವಾಗಿ. ಮುಂಚೆ ಅವನು ಮೀಟರ್ ನೋಡಿದವನೇ ಅಲ್ಲ, ಎಂಜಿನ್ ಸದ್ದು ಕೇಳಿಯೇ ಗೇರ್ ಹಾಕುತ್ತಿದ್ದ. ಎರಡನೆಯದು ನಲವತ್ತೆಂಟು ಅರವತ್ತು. ಮೂರನೆಯದು ಮತ್ತೆ ಹಿಂದೆ ಬಿತ್ತು. ಉಳಿದದ್ದು ಒಂದೇ.

ಕೊನೆಯ ಸುತ್ತಿನಲ್ಲಿ ಅವನು ಗೇರ್ ಗೊಡವೆಗೇ ಹೋಗಲಿಲ್ಲ. ಎರಡನೇ ಗೇರಿನಲ್ಲೇ ಇಟ್ಟು, ಕಾರನ್ನು ಎಲ್ಲೂ ನಿಲ್ಲಗೊಡದೆ, ಸ್ಲಾಲಮ್‌ನ ಐದು ಕೋನ್‌ಗಳ ಮಧ್ಯೆ ಬಟ್ಟೆಗೆ ಹೊಲಿಗೆ ಹಾಕಿದ ಹಾಗೆ ತಂದ. ಮೂರನೇ ತಿರುವಿನಲ್ಲಿ ಹಿಂದಿನ ಚಕ್ರ ಒಳಗಿನ ಕೋನನ್ನು ಸವರಿತು. ಕೋನ್ ಗಿರ್ರನೆ ಒಂದು ಸುತ್ತು ಸುತ್ತಿ, ಓಲಾಡಿ, ನಿಂತಿತು. ಕಾರು ಹೋಗಿಯೇ ಬಿಟ್ಟಿತು.

"ಬೀಳ್ಲಿಲ್ಲ! ನಿಂತೇ ಇದೆ, ಬಿಡು!" ಎಂದು ಆರ್ಲೊ ದೂರದಿಂದ ಕೂಗಿದ.

ಮಾರ್ಲಿಸ್ ಓಡಿದಳು. ಪ್ರತಿ ಕೋನಿನ ಬುಡದ ಸುತ್ತ ಬೆಳಿಗ್ಗೆಯೇ ಸುಣ್ಣದ ಗೆರೆಯ ಚೌಕ ಎಳೆದಿರುತ್ತಾರೆ. ಕೋನ್ ಎಷ್ಟೇ ಜರುಗಲಿ, ಬುಡ ಗೆರೆಯನ್ನು ಒಂದು ಕೂದಲಷ್ಟು ಮುಟ್ಟಿಕೊಂಡಿದ್ದರೂ ತಪ್ಪಿಲ್ಲ. ಪೂರ್ತಿ ಆಚೆ ಹೋಗಿದ್ದರೆ ಎರಡು ಸೆಕೆಂಡು ದಂಡ.

ಅವಳು ಮಂಡಿಯೂರಿ ನೋಡಿದಳು. ಕೋನ್ ಆಚೆ ಇತ್ತು. ಗೆರೆಗೂ ಬುಡಕ್ಕೂ ಮಧ್ಯೆ ಕಪ್ಪು ಡಾಂಬರು ಕಾಣುತ್ತಿತ್ತು.

"ಮೂರನೇ ತಿರುವು, ಏನ್ ಸಮಾಚಾರ?" ರೇಡಿಯೊದಲ್ಲಿ ಗ್ಲೆಂಡಾಳ ದನಿ ಬಂತು. ಸಮಯ ಬರೆದುಕೊಳ್ಳುವ ಗಾಡಿಯಲ್ಲಿ ಕೂತವಳು ಅವಳು. "ನಲವತ್ತೇಳು ಎಂಬತ್ತೆಂಟು ಬಂದಿದೆ ಅವನಿಗೆ. ಕ್ಲೀನಾ?"

ನಲವತ್ತೇಳು ಎಂಬತ್ತೆಂಟು. ಕ್ಲೀನ್ ಎಂದರೆ ಗುರುವಾರ ಕಾರು ಅವನ ಹಿಂದೆ ಆರೆಗನ್‌ಗೆ ಹೋಗುತ್ತದೆ. ಕೋನ್ ಎಂದರೆ ಇವಳ ಶೆಡ್ಡಿನಲ್ಲಿ ಉಳಿಯುತ್ತದೆ. ಕಾರು ಬೇಕು ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅಷ್ಟು ಬೇಕು ಅನ್ನಿಸಿದ್ದೇ ತೊಡಕಾಯಿತು. ತನ್ನ ಕಣ್ಣನ್ನೇ ನಂಬದೆ ಅವಳು ಗ್ಲೌಸು ಕಿತ್ತು, ತೋರುಬೆರಳು ಮಧ್ಯದ ಬೆರಳು ಜೋಡಿಸಿ ಆ ಸಂದಿಯಲ್ಲಿಟ್ಟಳು. ಹಿಡಿಸಿತು. ಕೈ ತೆಗೆದು ಇನ್ನೊಂದು ಸಲ ಇಟ್ಟಳು. ಎಡಕ್ಕೆ ಗೆರೆ ಮುಟ್ಟಿತು, ಬಲಕ್ಕೆ ರಬ್ಬರು.

"ಮಾರ್ಲಿಸ್? ಮುಂದಿನ ಕಾರು ಕಾಯ್ತಿದೆ."

"ಒಂದು ಕೋನ್," ಎಂದಳು.

"ಒಂದು ಕೋನ್, ಬರ್ಕೊಂಡೆ," ಎಂದಳು ಗ್ಲೆಂಡಾ ಮೆಲ್ಲಗೆ.

ಕೋನನ್ನು ಚೌಕದೊಳಗೆ ಇಟ್ಟು ಮಾರ್ಲಿಸ್ ತನ್ನ ಜಾಗಕ್ಕೆ ಮರಳಿದಳು.

ಆಟ ಮುಗಿದ ಮೇಲೆ ಎಲ್ಲರೂ ಮಾಂಸ, ಕಾಳು ಹಾಕಿದ ಬಿಸಿ ಚಿಲ್ಲಿ ಸಾರು ಮತ್ತು ದಾಲ್ಚಿನ್ನಿ ರೋಲಿನ ಮೇಜಿಗೆ ಮುತ್ತಿದರು. ಮಾರ್ಲಿಸ್ ಕಾರಿನ ಹತ್ತಿರವೇ ನಿಂತಿದ್ದಳು. ವೆಂಡೆಲ್ ಎರಡು ಬಟ್ಟಲು ಹಿಡಿದುಕೊಂಡು ಬಂದು ಒಂದನ್ನು ಅವಳ ಕೈಗೆ ಕೊಟ್ಟ. ರೋಲನ್ನು ಚಿಲ್ಲಿಯಲ್ಲಿ ಅದ್ದಿ ತಿಂದ.

"ಎಷ್ಟು ಆಚೆ?" ಎಂದ ಆಮೇಲೆ.

"ಎರಡು ಬೆರಳು."

"ಯಾರ ಬೆರಳು?"

"ನಂದು."

"ನಿಂದು ಕಡ್ಡಿ ಬೆರಳು. ನಂದಾಗಿದ್ರೆ ಒಂದೂ ಹಿಡಿಸ್ತಿರ್ಲಿಲ್ಲ."

"ನಿನ್ನ ಬೆರಳು ಮೂಗಿನ ಹೊಳ್ಳೆಗೂ ಹಿಡ್ಸಲ್ಲ."

ವೆಂಡೆಲ್ ಬಾಯಲ್ಲಿದ್ದುದು ಚೆಲ್ಲುವಷ್ಟು ನಕ್ಕ. ಕೈ ಪ್ಯಾಂಟಿಗೆ ಒರೆಸಿಕೊಂಡು, ಬಾಟಲಿ ಮುಚ್ಚಳ ತೆಗೆಯುವ ತುಂಡು ನೇತಾಡುವ ಕೀಲಿಗೊಂಚಲನ್ನು ಬಾನೆಟ್ ಮೇಲಿಟ್ಟ. ಇಟ್ಟವನು ಕೈ ಬೇಗ ತೆಗೆಯಲಿಲ್ಲ.

"ಮಂಗಳವಾರ ನಾನು ಸರಿ ಮಾಡಿದ್ದು ಸುಳ್ಳಲ್ಲ," ಎಂದ. "ಸ್ಕ್ರೂ ತಿರುಗಿಸ್ದೆ. ಎಲ್ಲಿಗೆ ನಿಲ್ಲಿಸ್ಬೇಕು ಅಂತ ಗೊತ್ತಾಗ್ಲಿಲ್ಲ ಅಷ್ಟೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಡೆ ಏನೋ ಗುಂಯ್ ಅಂತಿರುತ್ತೆ."

"ಗೊತ್ತು. ಬೆಳಿಗ್ಗೆ ಕೊಳವೆ ನನ್ನ ಮುಷ್ಟಿಲಿತ್ತು ಕಣೋ."

ಅವನು ಅವಳ ಮುಖ ನೋಡಿದ. ಆಮೇಲೆ ಬಟ್ಟಲು ನೋಡಿದ. "ಹೇಳ್ಬಾರ್ದಿತ್ತಾ?"

"ನೀನು ಹೇಳ್ಬಾರ್ದಿತ್ತಾ?"

ಮಾರ್ಲಿಸ್ ಬಟ್ಟಲು ಕೆಳಗಿಟ್ಟು, ಕೀಲಿ ತೆಗೆದುಕೊಂಡು ಎಂಜಿನ್ ಶುರು ಮಾಡಿ, ಬಾನೆಟ್ ಎತ್ತಿದಳು. "ಬಾ ಇಲ್ಲಿ. ಅಂಗೈ ಕೊಡು."

ಅವನ ಎರಡು ಅಂಗೈಗಳನ್ನು ಎರಡು ಕಾರ್ಬ್ಯುರೇಟರಿನ ಬಾಯಿಗಳ ಮುಂದೆ, ಮುಚ್ಚದಷ್ಟು ದೂರದಲ್ಲಿ ಹಿಡಿಸಿದಳು. ಒಳಗೆ ಹೋಗುವ ಗಾಳಿ ಅವನ ಚರ್ಮವನ್ನು ತಣ್ಣಗೆ ಎಳೆಯಿತು. ವೆಂಡೆಲ್ ಅಲುಗಾಡದೆ ನಿಂತ. ಕಣ್ಣು ಮುಚ್ಚಲಿಲ್ಲ.

"ಹಿಂದಿನದು," ಎಂದ ಬಹಳ ಹೊತ್ತಾದ ಮೇಲೆ. "ಇನ್ನೂ ಒಂಚೂರು ಜಾಸ್ತಿ ಎಳೀತಿದೆ."

ಮಾರ್ಲಿಸ್ ಜೇಬಿನ ಕೊಳವೆಗೆ ಕೈ ಹಾಕಿದವಳು ಅದನ್ನು ಅಲ್ಲೇ ಬಿಟ್ಟು ಸ್ಕ್ರೂಡ್ರೈವರ್ ತೆಗೆದಳು. ಸ್ಕ್ರೂ ತಿರುಗಿಸುತ್ತ ಅವನ ಮುಖವನ್ನೇ ನೋಡಿದಳು.

"ಇನ್ನೊಂಚೂರು," ಎಂದ.

ತಿರುಗಿಸಿದಳು.

"ಇನ್ನೂ ಒಂಚೂರು."

ಅವರ ಹಿಂದೆ ಜನ ಕೋನ್‌ಗಳನ್ನು ಒಂದರೊಳಗೊಂದು ಪೇರಿಸುತ್ತ ಮೈದಾನವನ್ನು ಖಾಲಿ ಮಾಡುತ್ತಿದ್ದರು. ವೆಂಡೆಲ್ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುವವನ ಹಾಗೆ ಎರಡೂ ಅಂಗೈ ಚಾಚಿಕೊಂಡು ನಿಂತೇ ಇದ್ದ.