ಕೈ ಹಾಕಿ ಸಾಹೇಬ್ರೆ

“ಗ್ಲೌಸ್ ಬೇಕಂತೆ, ಗ್ಲೌಸ್! ಮನೇಲಿ ಮುಸುರೆ ತಿಕ್ಕೋವಾಗ ಹಾಕ್ಕೊಂಡೇ ತಿಕ್ತೀಯೇನೇ?”

ಆಸ್ಪತ್ರೆಯ ಮೇಲ್ವಿಚಾರಕ ನನ್ನ ನಾದಿನಿಯನ್ನು ಕೇಳಿದ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ನಾವಿಬ್ಬರೂ ಆ ಆಸ್ಪತ್ರೆಯ ಬಟ್ಟೆ ಒಗೆಯುವವರು. ಆಪರೇಷನ್ ಕೋಣೆಯ ಹಾಸಿನ ಮಡಿಕೆಯಲ್ಲಿ ಉಳಿದಿದ್ದ ಸೂಜಿಯೊಂದು ಹೋದ ವಾರ ಅವಳ ಹೆಬ್ಬೆರಳಿಗೆ ಆಳವಾಗಿ ಚುಚ್ಚಿತ್ತು. ಯಾವ ರೋಗಿಯದೋ ಯಾರಿಗೂ ಗೊತ್ತಿಲ್ಲ. ಇನ್ನೊಮ್ಮೆ ರಕ್ತ ಪರೀಕ್ಷೆ ಆಗುವವರೆಗೂ ಕೂಸಿಗೆ ಹಾಲು ಕೊಡಬೇಡ ಎಂದಿದ್ದರು ಡಾಕ್ಟರು.

ನಮ್ಮ ಜೊತೆ ಬಂದಿದ್ದವಳನ್ನು ಓಣಿಯವರೆಲ್ಲ ಕರೆಯುವುದೇ ಗಟ್ಟಿಬಾಯಿ ಎಂದು. ಬಟ್ಟೆ ಹೊಲಿದು ಬದುಕುವವಳು, ನಮ್ಮ ಓಣಿಯಲ್ಲಿ ಹೆಂಗಸರ ಸಂಘ ಕಟ್ಟಿದವಳು. ಸಂಘಕ್ಕೆ ಕಚೇರಿಯಿಲ್ಲ, ಕುರ್ಚಿಯಿಲ್ಲ. ದುಡಿಮೆ ಮುಗಿದ ಮೇಲೆ, ಯಾರಿಗೆ ಅನ್ಯಾಯವಾಗಿದೆಯೋ ಅವರ ಜೊತೆ ಹೋಗಿ ಮಾತಾಡುವುದೇ ಸಂಘ.

“ನೀನ್ಯಾರಮ್ಮ? ಇಲ್ಲಿ ಕೆಲಸಕ್ಕಿದೀಯಾ?”

“ಇಲ್ಲ ಸಾರ್. ಸಂಘದೋಳು.”

“ಸಂಘವಂತೆ! ಮಾಡೋಕೆ ಬದುಕಿಲ್ದೋರ ಹರಟೆಕಟ್ಟೆ. ನಿಮ್ ಗಂಡಂದ್ರು ಹೇಗೆ ಬಿಟ್ಟಿದಾರೆ ನಿಮ್ಮನ್ನ?”

“ನನ್ ಗಂಡ ನನ್ನ ಬಿಟ್ಟೇ ಬಹಳ ವರ್ಷ ಆಯ್ತು ಸಾರ್. ಅದಕ್ಕೇ ಪುರುಸೊತ್ತು ಜಾಸ್ತಿ.”

ಬಾಗಿಲಲ್ಲಿದ್ದ ಕಾವಲುಗಾರ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡ. ಮೇಲ್ವಿಚಾರಕನ ಮುಖ ಬಿಗಿಯಿತು. ಅವನ ಕಣ್ಣು ನಾದಿನಿಯ ಎದೆಗೆ ಹೋಯಿತು. ಕುಡಿಯುವ ಬಾಯಿಲ್ಲದೆ ಹಾಲು ರವಿಕೆ ನೆನೆಸಿ ಸೆರಗಿಗೂ ಇಳಿದಿತ್ತು.

“ಥೂ, ಏನೇ ಇದು ಗಲೀಜು? ದೊಡ್ಡೋರ ಮುಂದೆ ಹಿಂಗೇನಾ ಬರೋದು?”

ನಾದಿನಿ ಎರಡೂ ಕೈ ಎದೆಗೆ ಅಡ್ಡ ಹಿಡಿದಳು. “ಬಾ ಅತ್ತಿಗೆ, ಹೋಗೋಣ. ಸಾಕು.”

ನಾನೊಬ್ಬಳೇ ಹೋದೆ. ಮನೆಗಲ್ಲ, ಒಗೆಯುವ ಶೆಡ್ಡಿಗೆ. ಯಂತ್ರಗಳ ಹತ್ತಿರವಿದ್ದ ಉಳಿದ ಹೆಂಗಸರು ನೋಡುತ್ತಿದ್ದಂತೆಯೇ, ಆಗತಾನೇ ಬಂದು ಬಿದ್ದಿದ್ದ ಆಪರೇಷನ್ ಹಾಸುಗಳ ಗಂಟೊಂದನ್ನು ತಲೆಮೇಲೆ ಹೊತ್ತು ತಂದು ಅವನ ಮೇಜಿನ ಮೇಲೆ ದೊಪ್ಪನೆ ಕೆಡವಿದೆ. ಗಂಟು ಬಿಚ್ಚಿಕೊಂಡಿತು. ಫ್ಯಾನಿನ ಗಾಳಿಗೆ ರಕ್ತದ ಕಮಟು ವಾಸನೆ ಕೋಣೆಯೆಲ್ಲ ಹರಡಿತು.

“ಸೂಜಿ ಇದ್ಯೋ ಇಲ್ವೋ ನೀವೇ ನೋಡಿ. ಕೈ ಹಾಕಿ ಸಾಹೇಬ್ರೆ.”

“ಬೋಳಿಮಗಳೇ! ತೆಗಿಯೇ ಅದನ್ನ! ನಿನ್ ಕೆಲಸ ಹೋಯ್ತು ಅಂತ ತಿಳ್ಕೋ!”

“ಹೋಗ್ಲಿ. ಮೊದ್ಲು ಕೈ ಹಾಕು.”

ನಾನು ಏಕವಚನಕ್ಕೆ ಇಳಿದದ್ದು ನನಗೇ ಆಮೇಲೆ ಕೇಳಿಸಿತು. ಅವನು ಕುರ್ಚಿಯ ಸಮೇತ ಗೋಡೆಯವರೆಗೂ ಸರಿದ.

“ಏಯ್, ಎತ್ತೋ ಇದನ್ನ!”

ಕಾವಲುಗಾರ ಗಂಟು ನೋಡಿದ, ನಾದಿನಿಯನ್ನು ನೋಡಿದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಮೊದಲು ಗಟ್ಟಿಬಾಯಿ ನೆಲದ ಮೇಲೆ ಕೂತಳು. ಆಮೇಲೆ ನಾವಿಬ್ಬರು. ಅವನು ಫೋನೆತ್ತಿ ಪೊಲೀಸರನ್ನು ಕರೆಯತೊಡಗಿದ. ಕಿಟಕಿಯಾಚೆ, ಶೆಡ್ಡಿನಲ್ಲಿ, ಒಗೆಯುವ ಯಂತ್ರಗಳ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು.