ಹೂಂಗುಟ್ಟಿದ ತಪ್ಪಿಗೆ

ಬಾಗಿಲಿನ ಹಿಡಿ ಕೈಗೇ ಕಿತ್ತು ಬಂದಾಗ ಅವಳಿಗೆ ಮೊದಲು ಬಂದದ್ದು ನಗು. ಅಜ್ಜಿಯ ಕಥೆಗಳಲ್ಲಿ ಏಳು ಸುತ್ತಿನ ಕೋಟೆಯೊಳಗೆ ಸಿಕ್ಕಿಬಿದ್ದ ರಾಜಕುಮಾರಿಗೂ ಒಂದು ಕಿಟಕಿ ಇರುತ್ತಿತ್ತು, ಕಿಟಕಿಗೆ ಬಂದು ಕೂರುವ ಗಿಳಿ ಇರುತ್ತಿತ್ತು. ಇಲ್ಲಿ ಕಿಟಕಿಯ ಜಾಗದಲ್ಲಿ ತೆರೆಯಲಾಗದ ದಪ್ಪ ಗಾಜು, ಗಿಳಿಯ ಜಾಗದಲ್ಲಿ ಸೌಂಡ್ ಎಂಜಿನಿಯರ್. ಅವನು ಬಿಸ್ಕತ್ತು ತಿನ್ನುತ್ತಿದ್ದ.

"ಹೊರಗಿನ ಹಿಡಿ ಹೋಗಿ ತುಂಬಾ ದಿನ ಆಯ್ತು ಮೇಡಂ. ಒಳಗಿನದು ಗಟ್ಟಿ ಇತ್ತು ಅಂತ ಸುಮ್ನಿದ್ವಿ," ಎಂದ ಅವನ ದನಿ ಅವಳ ಕಿವಿಯ ಹೆಡ್‌ಫೋನಿನಲ್ಲಿ ಕೇಳಿಸಿತು. "ಬಡಗಿಗೆ ಫೋನ್ ಮಾಡಿದೀನಿ. ಬಂದೇಬಿಟ್ಟೆ ಅಂದ."

"ಬಂದೇಬಿಟ್ಟೆ ಅಂದನಾ? ಹಾಗಾದ್ರೆ ಸಂಜೆ ಆಯ್ತು ಬಿಡಿ."

ಸ್ಟುಡಿಯೋದಲ್ಲಿ ಹಾಡುವವರು ನಿಂತು ಹಾಡುವ ಆ ಗೂಡು ನಾಲ್ಕು ಹೆಜ್ಜೆ ಇಟ್ಟರೆ ಮುಗಿಯುವಷ್ಟಿತ್ತು. ಗೋಡೆಗೆಲ್ಲ ಮೊಟ್ಟೆಯ ತಟ್ಟೆಯಂಥ ಕಪ್ಪು ಸ್ಪಂಜು. ಸದ್ದು ಮೈಕಿಗೆ ಸಿಗುತ್ತದೆಂದು ಹಾಡುವಾಗ ಏಸಿ ಆರಿಸುತ್ತಿದ್ದರು. ಈಗ ಹಾಕೋಣವೆಂದರೆ ಅದರ ಸ್ವಿಚ್ಚು ಬಾಗಿಲಾಚೆಯ ಓಣಿಯಲ್ಲಿತ್ತು, ಎಂಜಿನಿಯರ್ ಒತ್ತಿ ನೋಡಿ, "ಅದೂ ಮುನಿಸ್ಕೊಂಡಿದೆ" ಎಂದು ಬಂದು ಕೂತಿದ್ದ. ಗಾಜಿನ ಈಚೆಗೆ ಅವಳ ಉಸಿರೂ ಗುಟ್ಟಲ್ಲ, ಮೈಕು ಎಲ್ಲವನ್ನೂ ಆಚೆಗೆ ಒಯ್ಯುತ್ತಿತ್ತು. ಆಚೆಯವರದು ಹಾಗಲ್ಲ. ಅವರು ಗುಂಡಿ ಒತ್ತಿ ಹಿಡಿದರೆ ಮಾತು ಕೇಳುತ್ತದೆ, ಬಿಟ್ಟರೆ ಬರೀ ಬಾಯಾಡುತ್ತದೆ.

ಅವಳು ಹಾಡುಗಾರ್ತಿಯಲ್ಲ, ಹಾಡು ಬರೆಯುವವಳು. ಆದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಅಕ್ಷರ ಎಳೆಯಬೇಕು ಎಂಬುದು ಬರೆದವಳಿಗೆ ಗೊತ್ತಿರುತ್ತದಲ್ಲ, ಅದಕ್ಕೇ ದೊಡ್ಡ ಗಾಯಕಿ ಬರುವ ಮೊದಲು ಇವಳಿಂದ ಒಮ್ಮೆ ಹಾಡಿಸಿಟ್ಟುಕೊಳ್ಳುತ್ತಿದ್ದರು. ಬೆಳಗಾದರೆ ಸ್ಟುಡಿಯೋದಲ್ಲಿ ಒಂದೇ ಮಾತು: "ಸಾಹಿತ್ಯ ಬಂತಾ?" "ಸಾಹಿತ್ಯ ಉದ್ದ ಆಯ್ತು, ಎರಡಕ್ಷರ ಕತ್ತರಿಸಿ." "ಸಾಹಿತ್ಯದ ಮೇಲೆ ಟೀ ಚೆಲ್ಲಿದ್ಯಾರ್ರೀ?" ಹಾಡಿನ ಮಾತುಗಳಿಗೆ ಇಲ್ಲಿ ಇರುವ ಹೆಸರೇ ಸಾಹಿತ್ಯ. ಸಿನಿಮಾದ ಮೊದಲಿಗೆ ಓಡುವ ಅಕ್ಷರಗಳಲ್ಲೂ 'ಸಾಹಿತ್ಯ' ಎಂದು ಬರೆದೇ ಅವಳ ಹೆಸರು ಹಾಕುತ್ತಿದ್ದರು. ಅದನ್ನು ಸಾಹಿತ್ಯವೆಂದು ಕರೆಯದಿದ್ದ ಜಾಗ ಲೋಕದಲ್ಲಿ ಒಂದೇ, ಅದು ಅವಳ ಮನೆ.

ಮನೆಯಲ್ಲಿ ಸಾಹಿತ್ಯವೆಂದರೆ ಅಣ್ಣ. ಅಣ್ಣ ಕಾಲೇಜಿನ ಮೇಷ್ಟ್ರು, ವಿಮರ್ಶಕ. ಅವನ ಪುಸ್ತಕಗಳಿಗೆ ಗಾಜಿನ ಕಪಾಟಿತ್ತು. ಅಪ್ಪ ಬದುಕಿರುವಷ್ಟು ಕಾಲವೂ ಬಂದವರಿಗೆಲ್ಲ, "ಮಗ ಸಾಹಿತಿ. ಮಗಳು... ಅದೇ, ಹಾಡು ಗೀಡು ಬರೀತಾಳೆ" ಎನ್ನುತ್ತಿದ್ದರು. ಆ 'ಗೀಡು' ಕಾಲಿಗೆ ಚುಚ್ಚಿ ಒಳಗೇ ಮುರಿದ ಮುಳ್ಳಿನಂತೆ ಅವಳಲ್ಲಿ ಉಳಿದಿತ್ತು. ಅಣ್ಣನಂತೂ, "ಟ್ಯೂನಿಗೆ ತುಂಬಿದ ಮಾತೆಲ್ಲ ಸಾಹಿತ್ಯ ಆದ್ರೆ ಬಸ್ ಟಿಕೆಟ್ಟೂ ಶಾಸನವೇ" ಎಂದು ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ನಗದಿದ್ದರೆ ಇನ್ನೊಂದು ಹೇಳುತ್ತಿದ್ದ.

ಅಂಥ ಅಣ್ಣ ಈ ಸಲ ತಾನು ಸಂಪಾದಿಸುತ್ತಿದ್ದ ದೊಡ್ಡ ಕವಿತಾ ಸಂಕಲನದಲ್ಲಿ ಅವಳದೊಂದು ಹಾಡು ಸೇರಿಸಿದ್ದ. ಸಮಿತಿಯ ಹಿರಿಯರು ಒಪ್ಪದಿದ್ದಾಗ ಮೇಜು ಗುದ್ದಿ ವಾದಿಸಿದನಂತೆ. ಕೇಳಿದ ದಿನ ಅವಳಿಗೆ ನಿದ್ದೆಯೇ ಹತ್ತಲಿಲ್ಲ. ಗಾಜಿನ ಕಪಾಟಿನೊಳಗೆ ತಾನೂ ಹೋಗಿ ಕೂತಂತೆ, ಒಳಗಿನಿಂದ ಎಲ್ಲರಿಗೂ ಕೈ ಬೀಸಿದಂತೆ ಕಲ್ಪಿಸಿಕೊಂಡಳು. ಗಾಜಿನೊಳಗೆ ಉಸಿರಾಡುವುದು ಹೇಗೆಂದು ಆಗ ಹೊಳೆಯಲಿಲ್ಲ.

ಆಮೇಲೆ ಅಣ್ಣ ಫೋನಿನಲ್ಲಿ ತಾನು ತಿದ್ದಿದ್ದನ್ನು ಓದಿ ಹೇಳಿದ. ಅವಳು ಕೇಳುತ್ತ ಹೂಂ, ಹೂಂ ಎನ್ನುತ್ತಿದ್ದಳು.

ಅದು ಅಜ್ಜಿ ಹಚ್ಚಿದ ರೋಗ. ಅಜ್ಜಿಗೆ ಕಥೆ ಹೇಳುವಾಗ ಸಾಲಿಗೊಂದು ಹೂಂ ಬೀಳಬೇಕಿತ್ತು. ಬೀಳದಿದ್ದರೆ ರಾಕ್ಷಸನ ಕತ್ತಿ ಎತ್ತಿದಲ್ಲೇ ನಿಂತುಬಿಡುತ್ತಿತ್ತು. "ಹೂಂ ಇಲ್ಲದ ಕಥೆ ಹಗ್ಗ ಇಲ್ಲದ ಕೊಡ ಕಣೇ, ಮೇಲೆ ಬರಲ್ಲ" ಎನ್ನುತ್ತಿದ್ದಳು ಅಜ್ಜಿ. ಅಣ್ಣ ಕಣ್ಣು ಮುಚ್ಚಿ ಮಲಗಿರುತ್ತಿದ್ದ, ಹೂಂಗುಟ್ಟುವ ಪಾಳಿಯೆಲ್ಲ ಇವಳದು. ಅಜ್ಜಿ ಅವಳಿಗಿಟ್ಟ ಹೆಸರೇ 'ಹೂಂಗುಟ್ಟಿ'. ದೊಡ್ಡವಳಾದ ಮೇಲೂ ಯಾರು ಏನು ಹೇಳಿದರೂ ಬಾಯಿ ತಾನಾಗಿ ಹೂಂ ಎನ್ನುತ್ತಿತ್ತು. ಕೇಳ್ತಿದೀನಿ, ಮುಂದೆ ಹೇಳಿ, ಎಂದು ಅದರ ಅರ್ಥ. ಲೋಕ ಮಾತ್ರ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಿತ್ತು. ಹೀಗೆ ಒಮ್ಮೆ ಬೇಡದ ಬಾಡಿಗೆ ಮನೆಗೆ ಹೂಂ ಎಂದು ಒಂದು ವರ್ಷ ಸೋರುವ ಕೋಣೆಯಲ್ಲಿ ಕೊಡೆ ಹಿಡಿದು ಬರೆದಿದ್ದಳು. ಇನ್ನೊಮ್ಮೆ ಬಸ್ಸಿನಲ್ಲಿ ಪಕ್ಕದ ಹೆಂಗಸು ತನ್ನ ಮಗನ ಗುಣಗಾನ ಮಾಡಿದ್ದಕ್ಕೆ ಹೂಂಗುಟ್ಟಿದ್ದಳು, ಭಾನುವಾರ ಆ ಮನೆಯವರೆಲ್ಲ ಹೆಣ್ಣು ನೋಡಲು ಬಂದಿಳಿದಿದ್ದರು.

ಫೋನು ಇಟ್ಟ ಮೇಲೆ ಅಣ್ಣ ಓದಿದ್ದೇನೆಂದು ನಿಧಾನವಾಗಿ ತಲೆಗಿಳಿಯಿತು. 'ಅಣ್ಣಾ, ಅಚ್ಚಿಗೆ ಹೋಗೋ ಮುಂಚೆ ಒಂದ್ಸಲ ತೋರ್ಸು' ಎಂದು ಮೆಸೇಜು ಹಾಕಿದ್ದಳು. ಅದಕ್ಕೇ ಈಗ ಅಣ್ಣ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಬಂದ, ಕೈಯಲ್ಲಿ ಕರಡು ಹಾಳೆ, ಕನ್ನಡಕದ ಮೇಲೆ ಬೆವರು.

ಎಂಜಿನಿಯರ್ ಏನೋ ವಿವರಿಸಿ, ಹಿಡಿಯನ್ನೂ ಗಾಜನ್ನೂ ತೋರಿಸಿ, ತನ್ನ ಕುರ್ಚಿ ಬಿಟ್ಟುಕೊಟ್ಟ. ಅಣ್ಣ ಗುಂಡಿ ಒತ್ತಿದ.

"ಪುಟ್ಟೀ, ನಿನ್ನನ್ನ ಒಳಗೆ ಹಾಕೋಕೆ ಕೊನೆಗೂ ಯಾರಿಗೋ ಧೈರ್ಯ ಬಂತಲ್ಲೇ!"

"ನಗಬೇಡ ಅಣ್ಣ, ಬೇಯ್ತಾ ಇದೀನಿ."

"ಸರಿ, ಬೇಗ ಮುಗಿಸೋಣ. ಪ್ರೆಸ್ಸಿನವರು ಆ ಪುಟಕ್ಕೇ ಕಾಯ್ತಾ ಕೂತಿದಾರೆ. ಓದ್ತೀನಿ, ಕೇಳು."

ಅವನು ಓದಲು ಶುರುಮಾಡಿದ. ಕಿವಿಗೆ ಒತ್ತಿಕೊಂಡ ಹೆಡ್‌ಫೋನಿನಲ್ಲಿ ಅಣ್ಣನ ದನಿ ತಲೆಯೊಳಗೇ ಕೂತು ಮಾತಾಡಿದಂತಿತ್ತು.

ಊರಾಚೆಗೊಂದು ಬಾಗಿಲು ಇತ್ತು
ಬಾಗಿಲಿಗೊಂದು ಬೆಳಕಿನ ಬೀಗ
ಬೀಗದ ಕೈಯ ಹಕ್ಕಿ ನುಂಗಿತ್ತು...

ಮೊದಲ ಸಾಲು ಮುಗಿದಾಗಲೇ ಹೂಂ ಅವಳ ಗಂಟಲಿಗೆ ಬಂದಿತ್ತು. ತುಟಿ ಕಚ್ಚಿ ಹಿಡಿದಳು. ಎರಡನೆಯದಕ್ಕೂ ಬಂತು. ಸೀನು ತಡೆದವಳಂತೆ ಕಣ್ಣಲ್ಲಿ ನೀರು ತುಂಬಿತು. ಇನ್ನೊಂದು ಹೂಂ ಬಿತ್ತೋ, ಮುಗಿಯಿತು. ಸಾಕ್ಷಿಗೆ ಎಂಜಿನಿಯರ್ ಬೇರೆ ಇದ್ದಾನೆ, ಬೇಕಾದರೆ ರೆಕಾರ್ಡೂ ಇದೆ.

ಅಣ್ಣ ನಾಲ್ಕನೆಯ ಸಾಲಿಗೆ ತಡವರಿಸಿದ. ಗಾಜಿನತ್ತ ನೋಡಿದ. "ಕೇಳಿಸ್ತಾ ಇದೆಯೇನೇ?"

"ಕೇಳಿಸ್ತಾ ಇದೆ."

"ಮತ್ತೆ ಸುಮ್ನಿದೀಯ?"

"ನೀನೇ ತೆಗೆದಿದೀಯಲ್ಲ," ಎಂದಳು. "ಹೂಂ ಎಲ್ಲಿ?"

ಆ ಹಾಡಿನಲ್ಲಿ ಅಮ್ಮ ಮಗುವಿಗೆ ಕಥೆ ಹೇಳುತ್ತಾಳೆ. ಸಾಲು ಮುಗಿದಂತೆಲ್ಲ ಮಗು ಹೂಂ ಎನ್ನುತ್ತದೆ. ಸಿನಿಮಾ ಬಂದ ವರ್ಷ ಹಾದಿಬೀದಿಯಲ್ಲಿ ಮಕ್ಕಳು ಮರಿಗಳೆಲ್ಲ ಹೂಂ ಎಂದಿದ್ದೇ ಎಂದದ್ದು. ಅಣ್ಣನ ಹಾಳೆಯಲ್ಲಿ ಅವೆಲ್ಲ ಗುಡಿಸಿ ಹಾಕಿದಂತೆ ಮಾಯವಾಗಿದ್ದವು.

"ಪುಟ್ಟೀ, ಇದನ್ನೆಲ್ಲ ಫೋನಲ್ಲೇ ಹೇಳಿದೆ. ನೀನು ಹೂಂ ಅಂದೆ!"

"ಕೇಳ್ತಿದೀನಿ ಅಂತ ಅಂದೆ."

"ಅದನ್ನ ನಾನು ಹೆಂಗೆ ತಿಳ್ಕೋಬೇಕಿತ್ತು, ಕವಡೆ ಹಾಕ್ಲಾ? ನೋಡು, ಹಾಡೋವಾಗ ಹೂಂ ಚೆನ್ನ, ಇಲ್ಲ ಅನ್ನಲ್ಲ. ಅಚ್ಚಲ್ಲಿ ಸಾಲು ಸಾಲಿಗೂ ಹೂಂ ಹೂಂ ಅಂತಿದ್ರೆ ಹಲ್ಲುನೋವು ಬಂದೋರು ನರಳಿದ ಹಾಗೆ ಕಾಣುತ್ತೆ. ಸಮಿತಿಯೋರು ಆ ಒಂದು ಷರತ್ತಿನ ಮೇಲೆ ಒಪ್ಪಿದ್ದು. ಪದ ಉಳಿಸಿ, ಸದ್ದು ತೆಗೀರಿ, ಅಂದ್ರು. ಕೊನೇ ಸಾಲು ಎರಡು ಸಲ ಬೇರೆ ಇತ್ತು. ಅಚ್ಚಿನೋರ ತಪ್ಪು ಅಂದ್ಕೋತಾರೆ ಅಂತ ಒಂದು ತೆಗೆದೆ."

"ಅಣ್ಣ, ಸ್ವಲ್ಪ ಗುಂಡಿ ಬಿಡು. ನಾನು ಮಾತಾಡ್ತೀನಿ."

ಅವನು ಬಿಟ್ಟ. ಹೆಡ್‌ಫೋನಿನಲ್ಲಿ ಸದ್ದೆಂಬುದೇ ಇಲ್ಲವಾಯಿತು. ಸ್ಪಂಜಿನ ಗೋಡೆಗಳು ಒಂದು ಗೇಣು ಹತ್ತಿರ ಬಂದ ಹಾಗೆ. ಅಣ್ಣನ ಕೈಯಲ್ಲಿ ಅವಳು ಹುಟ್ಟಿದಾಗಿನಿಂದ ಬಯಸಿದ ಹಾಳೆ. ಬೇಡ ಎಂದರೆ ಮೇಜು ಗುದ್ದಿದ ಅಣ್ಣನಿಗೆ ಮುಖಭಂಗವಾಗುತ್ತದೆ, ಮತ್ತೆ ಯಾವ ಸಂಕಲನವೂ ಅವಳನ್ನು ಕರೆಯುವುದಿಲ್ಲ, 'ಗೀಡು' ಗೀಡಾಗಿಯೇ ಉಳಿಯುತ್ತದೆ. ಬೇಕು ಎಂದರೆ ಕಪಾಟಿನೊಳಗೆ ಹೋಗುವುದು ಅವಳ ಹಾಡಲ್ಲ, ಅದರ ಅಂಗಿ. ಬೆನ್ನಿಗೆ ಬಟ್ಟೆ ಅಂಟಿಕೊಂಡಿತ್ತು.

"ಅಜ್ಜಿ ಹೋದ ದಿನ ನೆನಪಿದೆಯಾ?" ಎಂದಳು ಮೈಕಿಗೆ. "ಆಸ್ಪತ್ರೇಲಿ, ಮಧ್ಯಾಹ್ನ. ನೀನು ಔಷಧಿ ತರೋಕೆ ಕೆಳಗೆ ಹೋಗಿದ್ದೆ. ಅಜ್ಜಿ, ನನಗೀಗ ಹೇಳೋಕೆ ಆಗಲ್ಲ, ನೀನೇ ಒಂದು ಕಥೆ ಹೇಳೇ ಹೂಂಗುಟ್ಟಿ, ಅಂದ್ಳು. ನಾನು ಹೇಳ್ತಾ ಹೋದೆ. ಅವಳು ಹೂಂ ಅಂತಿದ್ಳು. ಗಟ್ಟಿಯಾಗೇ ಅಂತಿದ್ಳು ಮೊದಲು. ಆಮೇಲೆ ಬರೀ ಮೂಗಲ್ಲಿ. ಆಮೇಲೆ ಒಂದು ಸಾಲಿಗೆ ಬರಲಿಲ್ಲ."

ಗಾಜಿನಾಚೆ ಅಣ್ಣ ಕನ್ನಡಕ ತೆಗೆದಿದ್ದ.

"ತಿರುಗಿ ನೋಡೋಕೆ ಹೆದರಿಕೆ ಆಯ್ತು. ಅದೇ ಸಾಲನ್ನ ಇನ್ನೊಂದ್ಸಲ ಹೇಳಿದೆ. ಅದಕ್ಕೇ ಎರಡು ಸಲ ಇರೋದು. ಟ್ಯೂನ್ ತುಂಬೋಕಲ್ಲ. ಮೊದಲಿನ ಹೂಂಗಳನ್ನೆಲ್ಲ ನೀನು ತೆಗೆದುಬಿಟ್ರೆ, ಕೊನೇ ಸಾಲಿಗೆ ಹೂಂ ಬರಲಿಲ್ಲ ಅನ್ನೋದು ಓದೋರಿಗೆ ಹೆಂಗೆ ಗೊತ್ತಾಗಬೇಕು, ಹೇಳು? ರಾಕ್ಷಸನ ಜೀವ ಗಿಳೀಲಿ ಇತ್ತು ಅಂತ ಕಥೆ ಹೇಳಿ, ಅಷ್ಟುದ್ದ ರಾಕ್ಷಸನ ಮುಂದೆ ಹಕ್ಕಿ ಯಾಕೆ ಅಂತ ಗಿಳೀನ ಬಿಟ್ಟುಬಿಟ್ಟ ಹಾಗಾಯ್ತು."

ಅಣ್ಣ ಗುಂಡಿ ಒತ್ತಿದ.

"ನಾನು ನಿದ್ದೆ ಮಾಡ್ತಿರಲಿಲ್ಲ ಕಣೇ," ಎಂದ. "ಅಜ್ಜಿ ಕಥೆಗಳಿಗೆ. ಕಣ್ಣು ಮುಚ್ಕೊಂಡು ಎಲ್ಲಾ ಕೇಳ್ತಿದ್ದೆ. ಹೂಂ ಅನ್ನೋಕೆ ನೀನಿದ್ದೆಯಲ್ಲ."

ಅವಳು ಮೈಕಿನ ಹತ್ತಿರ ಸರಿದು ಹಾಡತೊಡಗಿದಳು. ರಾಗವನ್ನೂ ಪೂರ್ತಿ ಎಳೆಯದೆ, ಹಾಸಿಗೆಯ ಪಕ್ಕ ಕೂತು ಹೇಳುವವರ ಹಾಗೆ.

ಊರಾಚೆಗೊಂದು ಬಾಗಿಲು ಇತ್ತು

ನಿಲ್ಲಿಸಿದಳು. ಗಾಜಿನ ಮೂಲಕ ಅಣ್ಣನನ್ನೇ ನೋಡುತ್ತ ನಿಂತಳು. ಅಣ್ಣ ಹಾಳೆ ನೋಡಿದ, ಗಡಿಯಾರ ನೋಡಿದ, ಬಿಸ್ಕತ್ತು ಕೈಯಲ್ಲೇ ಹಿಡಿದುಕೊಂಡಿದ್ದ ಎಂಜಿನಿಯರನ್ನು ನೋಡಿದ. ಅವಳು ಮುಂದಕ್ಕೆ ಹೋಗಲಿಲ್ಲ. ಸೆಖೆಗೆ ತಲೆ ಸುತ್ತುತ್ತಿತ್ತು, ಆದರೂ ಹೋಗಲಿಲ್ಲ. ಅಜ್ಜಿಯೂ ಹೋಗುತ್ತಿರಲಿಲ್ಲ.

"ಹೂಂ," ಎಂದ ಅಣ್ಣ.

ಬಾಗಿಲಿಗೊಂದು ಬೆಳಕಿನ ಬೀಗ

"ಹೂಂ."

ಬೀಗದ ಕೈಯ ಹಕ್ಕಿ ನುಂಗಿತ್ತು
ಹಕ್ಕಿಗೆ ಹೆಸರೇ ಇಟ್ಟಿರಲಿಲ್ಲ

ಸಾಲಿಗೊಂದು ಹೂಂ ಎನ್ನುತ್ತ ಎನ್ನುತ್ತ ಅವನ ದನಿ ಮೇಷ್ಟ್ರದಾಗಿ ಉಳಿಯಲಿಲ್ಲ. ಕೊನೆಯ ಸಾಲು ಬಂತು.

ಬಾಗಿಲು ತೆರೆಯಿತು, ಕೇಳಿದೆಯಾ ಕಂದ

ಅಣ್ಣ ಬಾಯಿ ತೆರೆದ, ಮುಚ್ಚಿದ. ಅಲ್ಲಿ ಹೂಂ ಇಲ್ಲವೆಂದು ಯಾರೂ ಹೇಳಬೇಕಾಗಲಿಲ್ಲ. ಅವಳು ಅದೇ ಸಾಲನ್ನು ಇನ್ನೊಮ್ಮೆ, ಇನ್ನೂ ಮೆಲ್ಲಗೆ ಹೇಳಿದಳು. ಎಂಜಿನಿಯರ್ ತಲೆ ತಗ್ಗಿಸಿ ಬಿಸ್ಕತ್ತನ್ನು ಡಬ್ಬಿಯೊಳಗೆ ವಾಪಸು ಇಟ್ಟ.

"ಅಣ್ಣ," ಎಂದಳು ಅವಳು, ಮುಖ ಒರೆಸಿಕೊಂಡು. "ಸಾಲಿಗೊಂದು ಹೂಂ ಅಂದೆಯಲ್ಲ, ಸಾಕ್ಷಿ ಇದೆ. ಒಪ್ಪಿದೆ ಅಂತ ಬರ್ಕೊಳ್ಳಲಾ?"

"ಲೇ! ಅದು ಕೇಳ್ತಿದ್ದೆ ಅಂತ..." ಎಂದವನು ಅರ್ಧಕ್ಕೇ ನಿಂತ. ತನ್ನ ಬಲೆಗೆ ತಾನೇ ಬಿದ್ದವನ ಮುಖ ನೋಡಲು ಚೆನ್ನಾಗಿತ್ತು.

"ಒಂದೋ ಹೂಂ ಸಮೇತ ಹಾಕು, ಇಲ್ಲ ಪುಟವನ್ನೇ ಕಿತ್ತುಹಾಕು. ನನಗೆ ಬೇಜಾರಿಲ್ಲ," ಎಂದಳು. ಬೇಜಾರು ಬೆಟ್ಟದಷ್ಟಿತ್ತು. ಮೈಕು ಅದನ್ನೂ ಆಚೆ ಒಯ್ದಿರಬೇಕು.

"ಸಮಿತಿಯೋರು ನನ್ನ ಸಿಗಿದುಹಾಕ್ತಾರೆ."

ಅವಳು ಅವನ ಕೈಯ ಹಾಳೆಯತ್ತ ಬೆರಳು ತೋರಿಸಿದಳು.

ಅಣ್ಣ ಗುಂಡಿ ಬಿಟ್ಟ. ಜೇಬಿನಿಂದ ಫೋನು ತೆಗೆದ. ಗಾಜಿಗೆ ಬೆನ್ನು ಹಾಕಿ ಯಾರೊಂದಿಗೋ ಮಾತಾಡಿದ. ಭುಜ ಕುಣಿಯುತ್ತಿತ್ತು. ಪುಟ ಕೀಳಿಸುತ್ತಿದ್ದಾನೆಯೇ? ಸಮಿತಿಯವರ ಕಾಲು ಹಿಡಿಯುತ್ತಿದ್ದಾನೆಯೇ? ಅವಳು ಗಾಜಿಗೆ ಎರಡೂ ಅಂಗೈ ಊರಿ ನಿಂತಳು. ಕಿವಿಯಲ್ಲಿ ತನ್ನದೇ ರಕ್ತ ಹರಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಏಳು ಸುತ್ತಿನ ಕೋಟೆಯವಳಿಗೆ ಕಾಯುವುದೊಂದು ಕೆಲಸವೆಂದು ಅಜ್ಜಿ ಯಾವತ್ತೂ ಹೇಳಿರಲಿಲ್ಲ. ಕಥೆಯಲ್ಲಿ ಅದು 'ಹೀಗಿರುವಾಗ ಒಂದು ದಿನ' ಎಂಬಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಅಣ್ಣ ಇತ್ತ ತಿರುಗಿದ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಫೋನಿಗೆ ಒಂದೊಂದೇ ಸಾಲು ಓದುತ್ತಿದ್ದ. ಸಾಲು ಮುಗಿದಾಗ ಅವನ ತುಟಿ ಊದುವವರ ಹಾಗೆ ಮುಂದಕ್ಕೆ ಬಂದು, ಗುಂಡಗಾಗಿ, ಮುಚ್ಚಿಕೊಂಡಿತು. ಮತ್ತೊಂದು ಸಾಲು. ಮತ್ತೆ ತುಟಿ ಗುಂಡಗಾಗಿ ಮುಚ್ಚಿತು. ಗಾಜಿನ ಈಚೆ ಅವಳ ತುಟಿಯೂ ತಾನಾಗಿ ಹಾಗೇ ಮಾಡುತ್ತಿತ್ತು.

ಆಗ ಬಾಗಿಲಿನ ಹೊರಗೆ ಏನೋ ಕುಟ್ಟುವ ಕಂಪನ ಕಾಲಿಗೆ ತಾಗಿತು. ಬಡಗಿ ಬಂದಿದ್ದ. ಎಂಜಿನಿಯರ್ ಎದ್ದು ಓಡಿದ. ಸ್ವಲ್ಪ ಹೊತ್ತಿಗೆ ಅವನು ವಾಪಸು ಬಂದು, ಅಣ್ಣನ ಭುಜದ ಮೇಲಿಂದ ಬಗ್ಗಿ ಗುಂಡಿ ಒತ್ತಿ, "ಮೇಡಂ, ಉಳಿ ಮರೆತು ಬಂದಿದಾನೆ. ತರೋಕೆ ಹೋದ. ಬಂದೇಬಿಟ್ಟೆ ಅಂದ," ಎಂದ.

ಅವನ ಕೈ ಸರಿಸಿ ಅಣ್ಣ ತಾನು ಒತ್ತಿದ. ಫೋನು ಇನ್ನೂ ಕಿವಿಯಲ್ಲೇ ಇತ್ತು.

"ಪುಟ್ಟೀ, ಪ್ರೆಸ್ಸಿನೋನು ಕೇಳ್ತಿದಾನೆ. ಹೂಂಗೆ ಸೊನ್ನೆ ಹಾಕ್ಬೇಕಾ, ಇಲ್ಲ ಅರ್ಧ 'ಮ' ಹಾಕ್ಬೇಕಾ? ಪುಸ್ತಕದ ತುಂಬ ಒಂದೇ ಥರ ಇರಬೇಕಂತೆ. ಬೇಗ ಹೇಳೇ."

ಅವಳು ಯೋಚಿಸಿದಳು. ಸೊನ್ನೆ ಚೆನ್ನ, ಬಾಯಿ ಮುಚ್ಚಿದ ಮೇಲೂ ಸ್ವರ ಉಳಿದಂತಿರುತ್ತದೆ, ನೋಡಲು ಅಜ್ಜಿಯ ಬೊಟ್ಟಿನ ಹಾಗೆ ಗುಂಡಗೆ. ಅಷ್ಟೆಲ್ಲ ಹೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಒಂದೇ:

"ಹೂಂ."

"ಹೂಂ ಅಂದ್ರೆ?" ಗಾಜಿನಾಚೆ ಅಣ್ಣ ಹಣೆ ಚಚ್ಚಿಕೊಂಡ. "ಅಯ್ಯೋ ಮಹರಾಯ್ತಿ, ಹೂಂ ಅಂದ್ರೆ ಸೊನ್ನೇನಾ, ಅರ್ಧ 'ಮ'ನಾ?"